ಕೆತ್ತನೆ ಇರೋ ಹಳೇ ಮಹಾಗನಿ ಕುರ್ಚಿ: ಫಿಲಡೆಲ್ಫಿಯಾದ್ದಾ, ನ್ಯೂಯಾರ್ಕ್‌ದಾ, ಇಂಗ್ಲೆಂಡಿಂದಾ? ಹೇಗೆ ಗೊತ್ತು ಮಾಡೋದು?

ಎಡಿಸನ್_ಮಂಜುಳಾ:

ಎಲ್ರಿಗೂ ನಮಸ್ಕಾರ. ನಾವಿರೋದು ನ್ಯೂಜರ್ಸಿಯ ಎಡಿಸನ್‌ನಲ್ಲಿ. ಪೆನ್ಸಿಲ್ವೇನಿಯಾ ಕಡೆ ಒಂದು ಹಳೇ ಮನೆ ಸಾಮಾನೆಲ್ಲಾ ಮಾರ್ತಿದ್ರು, ಅಲ್ಲಿ ಎರಡು ಕುರ್ಚಿ ತಗೊಂಡ್ವಿ. ಕೈ ಇಲ್ಲದ್ದು, ಊಟದ ಮೇಜಿಗೆ ಹಾಕೋ ಥರದ್ದು, ಕೆಂಪು ಕಂದು ಬಣ್ಣ, ಎತ್ತಿದ್ರೆ ಒಳ್ಳೇ ಭಾರ. ಮುಂದಿನ ಕಾಲು ಬಾಗಿ ಇಳಿದು ಕೆಳಗೆ ಹಕ್ಕಿ ಉಗುರು ಒಂದು ಗುಂಡನ್ನ ಹಿಡ್ಕೊಂಡಂಗಿದೆ. ಮಂಡಿ ಹತ್ರ ಎಲೆ ಕೆತ್ತನೆ, ಬೆನ್ನಿಗೆ ಒರಗೋ ನಡುಪಟ್ಟಿಯಲ್ಲಿ ಗೊಂಡೆ ಥರ ಕೆತ್ತಿದಾರೆ, ಸುತ್ತ ನೆರಿಗೆ ನೆರಿಗೆ. ಸೀಟು ಮೇಲೆತ್ತಿದ್ರೆ ಪೂರ್ತಿ ಬರುತ್ತೆ.

ಮಾರಿದವರು ಚೀಟಿಯಲ್ಲಿ "ಫಿಲಡೆಲ್ಫಿಯಾ ಚಿಪ್ಪೆಂಡೇಲ್, 1770ರ ಸುಮಾರು" ಅಂತ ಬರೆದಿದ್ರು. ನಮ್ಮ ಪರಿಚಯದವರೊಬ್ರು ನೋಡಿ ಇದು ಇಂಗ್ಲೆಂಡಿಂದು ಅಂದ್ರು, ಇನ್ನೊಬ್ರು ನೂರು ವರ್ಷದ ಹಿಂದಿನ ಕಾಪಿ ಇರ್ಬೇಕು ಅಂದ್ರು. ದುಡ್ಡಿನ ವಿಷಯ ಅಲ್ಲ, ಮಾರೋ ಯೋಚನೆನೂ ಇಲ್ಲ. ಆದ್ರೆ ಯಾವ ಊರಿನ ಬಡಗಿ ಮಾಡಿದ್ದು ಅಂತ ತಿಳ್ಕೊಳ್ಳೋ ಆಸೆ ತುಂಬಾ ಇದೆ. ಫೋಟೋ ನೋಡಿ ಹೋಲಿಸೋಕೆ ಹೋದ್ರೆ ಎಲ್ಲಾ ಕುರ್ಚಿನೂ ಒಂದೇ ಥರ ಕಾಣ್ತಿದೆ. ಎಲ್ಲಿಂದ ಶುರು ಮಾಡ್ಲಿ?

ವಿಲ್ಮಿಂಗ್ಟನ್_ಶೈಲಾ:

ಮಂಜುಳಾ ಅವ್ರೇ, ಒಳ್ಳೇ ಪ್ರಶ್ನೆ. ನಾನಿರೋದು ಡೆಲವೇರ್‌ನಲ್ಲಿ, ವಿಂಟರ್‌ಥರ್ ಮ್ಯೂಸಿಯಂ ಮನೆಗೆ ಹತ್ತಿರ, ಹಳೇ ಅಮೆರಿಕನ್ ಪೀಠೋಪಕರಣ ನೋಡೋಕೆ ಅದಕ್ಕಿಂತ ಒಳ್ಳೇ ಜಾಗ ಕಮ್ಮಿ, ಹಾಗಾಗಿ ಈ ಹುಚ್ಚು ಹತ್ಕೊಂಡು ತುಂಬಾ ವರ್ಷ ಆಯ್ತು.

ಮೊದಲನೇ ಮಾತು, ಮುಂದಿನಿಂದ ನೋಡೋದು ಬಿಡಿ. ಕುರ್ಚಿನ ಒಂದು ದಪ್ಪ ಕಂಬಳಿ ಮೇಲೆ ಮಗುಚಿ ಹಾಕಿ. ಎದುರಿಗೆ ಕಾಣೋ ಡಿಸೈನು ಎಲ್ಲಾ ಊರಿಗೂ ಒಂದೇ ಮೂಲದಿಂದ ಬಂದಿದ್ದು. ಥಾಮಸ್ ಚಿಪ್ಪೆಂಡೇಲ್ ಲಂಡನ್‌ನಲ್ಲಿ 1754ರಲ್ಲಿ ತನ್ನ ಡಿಸೈನುಗಳ ಪುಸ್ತಕ ಅಚ್ಚು ಹಾಕಿಸಿದ, 1762ರಲ್ಲಿ ಅದರ ಮೂರನೇ ಆವೃತ್ತಿ ಬಂತು, ಅದು ಹಡಗಲ್ಲಿ ಅಮೆರಿಕಾಗೂ ಬಂತು, ಬಡಗಿಗಳು ಅದನ್ನ ನೋಡಿ ಮಾಡಿದ್ರು. ಪುಸ್ತಕ ಮಾತ್ರ ಅಲ್ಲ, ಕೆತ್ತೋರೂ ಬಂದ್ರು. ಹರ್ಕ್ಯುಲಿಸ್ ಕೋರ್ಟ್ನಿ ಅನ್ನೋನು ಲಂಡನ್‌ನಲ್ಲಿ ಕೆಲಸ ಕಲಿತು ಫಿಲಡೆಲ್ಫಿಯಾಗೆ ಬಂದು ಬೆಂಜಮಿನ್ ರ‍್ಯಾಂಡಾಲ್ಫ್ ಅನ್ನೋ ಬಡಗಿ ಹತ್ರ ಕೆತ್ತಿದ, ಥಾಮಸ್ ಆಫ್ಲೆಕ್ ಅನ್ನೋ ಬಡಗಿನೂ 1763ರಲ್ಲಿ ಬಂದ. ಹೀಗಿರುವಾಗ ಎಲೆ ಕೆತ್ತನೆ ನೋಡಿ ಊರು ಹೇಳ್ತೀನಿ ಅಂದ್ರೆ ಜಾರಿಬೀಳೋ ಸಾಧ್ಯತೆ ಜಾಸ್ತಿ. ಮಹಾಗನಿ ಮರದಿಂದಲೂ ಊರು ತಿಳಿಯಲ್ಲ, ಅದು ಜಮೈಕಾ, ಕ್ಯೂಬಾ, ಹೊಂಡುರಾಸ್ ಕಡೆಯಿಂದ ಲಂಡನ್‌ಗೂ ಹೋಗ್ತಿತ್ತು, ಬಾಸ್ಟನ್‌ಗೂ ಬರ್ತಿತ್ತು.

ಊರು ತಿಳಿಯೋದು ಗಿರಾಕಿ ಕಣ್ಣಿಗೆ ಬೀಳದೇ ಇರೋ ಜಾಗದಲ್ಲಿ, ಯಾಕಂದ್ರೆ ಅಲ್ಲಿ ಯಾರೂ ಫ್ಯಾಷನ್ ಮಾಡಲ್ಲ, ಗುರು ಹೇಳಿಕೊಟ್ಟ ಹಾಗೆ ಕೈ ಹೋಗುತ್ತೆ. ಹಿಂದಿನ ಕಾಲಿನ ಬೆನ್ನು ನೋಡಿ, ಸೀಟಿನ ಎತ್ತರಕ್ಕೆ ಸರಿಯಾಗಿ. ಪಕ್ಕದ ಪಟ್ಟಿಯ ತುದಿ ಕಾಲನ್ನ ತೂರಿಕೊಂಡು ಹಿಂದೆ ಬಂದು ಒಂದು ಉದ್ದ ಚೌಕದ ಹಾಗೆ ಕಾಣ್ತಿದ್ಯಾ? ಫಿಲಡೆಲ್ಫಿಯಾದವ್ರು ಹೀಗೇ ಟೆನನ್ (ಪಟ್ಟಿ ತುದಿಯ ನಾಲಿಗೆ) ಆಚೆ ತನಕ ಹೊಡೀತಿದ್ರು, ಬಾಸ್ಟನ್ ನ್ಯೂಯಾರ್ಕ್‌ನಲ್ಲಿ ಸಾಮಾನ್ಯವಾಗಿ ಒಳಗೇ ನಿಲ್ಲಿಸ್ತಿದ್ರು. ಆದ್ರೆ ಅದೊಂದನ್ನೇ ಹಿಡ್ಕೊಂಡು ತೀರ್ಮಾನ ಮಾಡೋ ಹಾಗಿಲ್ಲ. ಎಲಿಫಲೆಟ್ ಚೇಪಿನ್ ಅನ್ನೋ ಕನೆಕ್ಟಿಕಟ್ ಬಡಗಿ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿ ವಾಪಸ್ ಊರಿಗೆ ಹೋದ, ಅವನ ಕುರ್ಚಿಲೂ ಹಿಂದೆ ಟೆನನ್ ಕಾಣುತ್ತೆ. ಅವನು ಬಳಸಿದ್ದು ಚೆರ್ರಿ ಮರ, ಅಲ್ಲಿ ಮರ ನೋಡಿ ಬೇರೆ ಮಾಡಬಹುದು.

ಆಮೇಲೆ ಹಿಂದಿನ ಕಾಲು ಕೆಳಗೆ ಹೇಗೆ ಮುಗಿದಿದೆ? ಫಿಲಡೆಲ್ಫಿಯಾದ್ದಾದ್ರೆ ಮೂಲೆ ಸವರಿ ಗುಂಡಗೆ ಬಿಟ್ಟಿರ್ತಾರೆ, ನ್ಯೂಯಾರ್ಕ್‌ದು ಎಷ್ಟೋ ಸಲ ಚೌಕವಾಗೇ ಸಣ್ಣ ಆಗ್ತಾ ಬಂದು ಒಂದು ಪುಟ್ಟ ಚೌಕ ಪಾದದಲ್ಲಿ ನಿಲ್ಲುತ್ತೆ. ಸೀಟು ಎತ್ತಿದಾಗ ಒಳಗೆ ಮೂಲೆಯಲ್ಲಿ ಅಂಟಿಸಿರೋ ಮರದ ತುಂಡುಗಳಿರ್ತವೆ. ಫಿಲಡೆಲ್ಫಿಯಾದಲ್ಲಿ ಎರಡು ತುಂಡು ಸೇರಿಸಿ ಕಾಲ್ಭಾಗ ವೃತ್ತದ ಹಾಗೆ ಮಾಡಿ ಮರದ ಎಳೆ ನೆಟ್ಟಗೆ ಮೇಲಿಂದ ಕೆಳಗೆ ಬರೋ ಹಾಗೆ ಅಂಟಿಸ್ತಿದ್ರು, ಬಾಸ್ಟನ್‌ನಲ್ಲಿ ತ್ರಿಕೋನದ ಒಂದೇ ತುಂಡು. ಇಂಗ್ಲೆಂಡಿನ ಕುರ್ಚಿಯಲ್ಲಿ ಎಷ್ಟೋ ಕಡೆ ತುಂಡೇ ಇರಲ್ಲ, ಮೂಲೆಗೆ ಅಡ್ಡಲಾಗಿ ಒಂದು ಕಟ್ಟಿಗೆ ಪಟ್ಟಿ ಇಟ್ಟು ಎರಡೂ ಕಡೆ ಕಚ್ಚು ಮಾಡಿ ಕೂರಿಸಿರ್ತಾರೆ, ಒಳಗಿನ ಮರ ಬೀಚ್.

ಉಗುರಿನ ವಿಷಯಕ್ಕೆ ಬಂದ್ರೆ, ಬಾಸ್ಟನ್‌ದು ಪಕ್ಕದ ಬೆರಳುಗಳು ಹಿಂದಕ್ಕೆ ಎಳ್ಕೊಂಡಿರುತ್ತೆ, ಪಕ್ಕದಿಂದ ನೋಡಿದ್ರೆ ಗೊತ್ತಾಗುತ್ತೆ, ಜೊತೆಗೆ ಕಾಲುಗಳ ನಡುವೆ ಅಡ್ಡ ಪಟ್ಟಿಗಳನ್ನ ಅವರು ತುಂಬಾ ಕಾಲ ಬಿಡ್ಲಿಲ್ಲ. ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್‌ನ ಟೌನ್‌ಸೆಂಡ್, ಗೊಡಾರ್ಡ್ ಮನೆತನದವರ ಒಳ್ಳೇ ಕೆಲಸದಲ್ಲಿ ಉಗುರಿಗೂ ಗುಂಡಿಗೂ ನಡುವೆ ಬೆಳಕು ಕಾಣೋ ಹಾಗೆ ಕೊರೆದಿರ್ತಾರೆ, ನೋಡಿದ್ರೆ ಮೈ ಜುಂ ಅನ್ನುತ್ತೆ. ಫಿಲಡೆಲ್ಫಿಯಾದ ಗುಂಡು ಸ್ವಲ್ಪ ಒತ್ತಿದ ಹಾಗೆ ಚಪ್ಪಟೆ. ನ್ಯೂಯಾರ್ಕ್‌ದು ಚೌಕ ಚೌಕ, ಗಡುಸು.

ನೀವು ಗೊಂಡೆ ಕೆತ್ತನೆ ಅಂದಿದ್ದು ಓದಿ ನನಗೆ ಮನಸ್ಸು ನ್ಯೂಯಾರ್ಕ್ ಕಡೆಗೇ ಓಡ್ತಿದೆ, ಆದ್ರೆ ಕೆಳಗಡೆ ಏನಿದೆ ಅಂತ ಹೇಳೋ ತನಕ ಗಟ್ಟಿಯಾಗಿ ಹೇಳಲ್ಲ.

ಸೊರಬದ_ಉಳಿ:

ಶೈಲಕ್ಕ ಬರ್ದಿದ್ದು ಓದಿ ಖುಷಿ ಆಯ್ತು. ನಾನು ಸೊರಬದ ಕಡೆಯವ್ನು, ಗುಡಿಗಾರರ ಜೊತೆ ಗಂಧದ ಕೆಲಸ ಮಾಡಿ ಬೆಳೆದೋನು, ಮಹಾಗನಿಯಲ್ಲೂ ಈಗೀಗ ಕೆತ್ತೋದುಂಟು. ಊರು ಯಾವ್ದು ಅಂತ ನಾ ಹೇಳೋಕೆ ಬರಲ್ಲ, ಆದ್ರೆ ಕೆತ್ತನೆ ಆ ಕುರ್ಚಿಯ ಜೊತೆಗೇ ಹುಟ್ಟಿದ್ದಾ ಇಲ್ಲಾ ಆಮೇಲೆ ಯಾರೋ ಬೆಲೆ ಏರ್ಸೋಕೆ ಕೆತ್ತಿದ್ದಾ ಅನ್ನೋದನ್ನ ಕೈಯಲ್ಲಿ ಮುಟ್ಟಿ ಹೇಳ್ಬಹುದು ಮಂಜುಳಕ್ಕ, ಅದನ್ನ ಮೊದಲು ನೋಡಿ, ಯಾಕಂದ್ರೆ ಸಾದಾ ಕುರ್ಚಿ ತಗೊಂಡು ಮಂಡಿ ಮೇಲೆ ಎಲೆ ಕೆತ್ತಿ ಮಾರಿದ್ದು ಬೇಕಾದಷ್ಟಿದೆ.

ಕೆತ್ತಬೇಕು ಅಂತ ಮೊದ್ಲೇ ಗೊತ್ತಿದ್ರೆ ಬಡಗಿ ಆ ಜಾಗದಲ್ಲಿ ಮರ ಜಾಸ್ತಿ ಬಿಟ್ಟಿರ್ತಾನೆ. ಆಗ ಎಲೆ ಕಾಲಿನ ಮೈಯಿಂದ ಮೇಲೆ ಎದ್ದಿರುತ್ತೆ. ಪಕ್ಕದಿಂದ ಕಣ್ಣು ಕಾಲಿನ ಮಟ್ಟಕ್ಕೆ ಇಟ್ಟು ನೋಡಿ, ಬಾಗಿದ ಗೆರೆಯ ಆಚೆಗೆ ಎಲೆ ಉಬ್ಬಿ ಬಂದಿದ್ರೆ ಒಳ್ಳೇದು. ಸಾದಾ ಕಾಲಿಗೆ ಆಮೇಲೆ ಕೆತ್ತಿದ್ರೆ ಉಬ್ಬೋಕೆ ಮರವೇ ಇರಲ್ಲ, ಒಳಗೇ ಕೊರೀಬೇಕಾಗುತ್ತೆ, ಎಲೆ ಮೈಯಲ್ಲಿ ಮುಳುಗಿದಂಗೆ ಕಾಣುತ್ತೆ, ಮಂಡಿ ಅಲ್ಲಿ ಸೊರಗಿದಂಗೆ ಇರುತ್ತೆ. ಇದನ್ನ ಮರೆಮಾಡೋಕೆ ಯಾರಿಂದನೂ ಆಗಲ್ಲ.

ಇನ್ನೊಂದು, ಎರಡೂ ಕುರ್ಚಿಯ ಒಂದೇ ಎಲೆನ ಪಕ್ಕ ಪಕ್ಕ ಇಟ್ಟು ನೋಡಿ. ಕೈ ಕೆಲಸ ಆದ್ರೆ ಎಲೆ ನರಗಳ ನಡುವಿನ ಅಂತರ ಸ್ವಲ್ಪ ಸ್ವಲ್ಪ ಬದಲಾಗುತ್ತೆ, ಆದ್ರೆ ತಿರುವು ತಗೊಳ್ಳೋ ರೀತಿ ಒಂದೇ ಇರುತ್ತೆ, ಒಬ್ಬನ ಕೈಬರಹ ಹೇಗೋ ಹಾಗೆ. ಮೆಷಿನ್‌ನಲ್ಲಿ ಒಂದೇ ಅಚ್ಚಿನಿಂದ ತೆಗೆದಿದ್ರೆ ಅಂತರನೂ ಒಂದೇ, ತಳನೂ ನುಣುಪು. ತಳದಲ್ಲಿ ಚಿಕ್ಕ ಚಿಕ್ಕ ಉಳಿ ಗುರುತು ಬೆರಳಿಗೆ ಸಿಗ್ಬೇಕು. ಉಗುರಿನ ಹಿಂದೆ, ಒರೆಸೋ ಬಟ್ಟೆ ತಲುಪದ ಸಂದಿ ಇರುತ್ತಲ್ಲ, ಅಲ್ಲಿ ನೋಡಿ, ಅಲ್ಲಿ ಸವೆದಿರಲ್ಲ.

ಡಬ್ಲಿನ್_ಧಾರವಾಡ:

ಇದರಾಗ ಒಂದು ಮಾತು ಸೇರಸ್ತೇನ್ರಿ. ನಾ ಐರ್ಲೆಂಡಿನ್ಯಾಗ ಇರ್ತೇನಿ, ಇಲ್ಲೆ ಡಬ್ಲಿನ್‌ದಾಗ ಕಾಲಿನ್ಸ್ ಬ್ಯಾರಕ್ಸ್ ಮ್ಯೂಸಿಯಂದಾಗ ಐರಿಶ್ ಕುರ್ಚಿ ಮೇಜು ಭಾಳ ಚೊಲೊ ಅದಾವ. ಇಂಗ್ಲೆಂಡ್ ಅಂತ ಯಾರೋ ಅಂದಾರ ಅಂದ್ರಲ್ಲ ಅಕ್ಕಾರ, ಇಂಗ್ಲೆಂಡ್ ಅನ್ನೋಕಿಂತ ಮೊದಲ ಐರ್ಲೆಂಡ್ ಆಗಿರಬಹುದಾ ಅಂತನೂ ಕೇಳಕೋರಿ. ಚಿಪ್ಪೆಂಡೇಲ್ ಪುಸ್ತಕದಾಗ ಆ ಉಗುರು ಹಿಡಿದ ಗುಂಡಿನ ಪಾದನ ಇಲ್ಲ, ಅಷ್ಟೊತ್ತಿಗೆ ಲಂಡನ್‌ದಾಗ ಅದರ ಫ್ಯಾಷನ್ ಹೋಗಿತ್ತು. ಐರ್ಲೆಂಡ್ ಮತ್ತ ಅಮೆರಿಕಾದಾಗ ಅದು ಮುಂದ ಎಷ್ಟೋ ವರ್ಷ ನಡೀತು. ಹಂಗಾಗಿ ಬೆನ್ನಿನ ಪಟ್ಟಿ ಚಿಪ್ಪೆಂಡೇಲ್ ಪುಸ್ತಕದ್ದು, ಕೆಳಗ ಉಗುರಿನ ಪಾದ, ಅಂತ ಎರಡೂ ಕೂಡಿ ಇದ್ರ ನನ್ನ ಕಣ್ಣು ಮೊದಲ ಲಂಡನ್ ಬಿಟ್ಟು ಹೊರಗ ನೋಡ್ತದ.

ಐರಿಶ್ ಕುರ್ಚಿಗೆ ಸೀಟಿನ ಮುಂದಿನ ಪಟ್ಟಿ ಭಾಳ ಆಳ ಇರ್ತದ್ರಿ, ಕೆಳಗ ಬಾಗಿಸಿ ನಡುವ ಒಂದು ಚಿಪ್ಪು ಇಲ್ಲಾ ಸಿಂಹದ ಮುಖ ಕೆತ್ತಿರ್ತಾರ. ಕೂದಲಿರೋ ಪ್ರಾಣಿ ಪಾದನೂ ಇಲ್ಲೆ ಭಾಳ ಇಷ್ಟ ಪಡ್ತಿದ್ರು. ಕೆತ್ತನೆ ಚಪ್ಪಟ, ಮೈತುಂಬ. ಇಪ್ಪತ್ತನೇ ಶತಮಾನದ ಶುರುವಿನಾಗ ಡಬ್ಲಿನ್‌ದ ಜೇಮ್ಸ್ ಹಿಕ್ಸ್ ಹಳೇ ಮಾದರಿ ಹಿಡದು ಅಷ್ಟ ಚೊಲೊ ಮಾಡ್ತಿದ್ದ, ಅವನ ಕೆಲಸ ಕೈಗೆ ಸಿಕ್ಕರ ಅದೂ ಮರ್ಯಾದಿದ್ದೇ. ನೀವು ಬರದದ್ದರಾಗ ಇದ್ಯಾವುದೂ ಕಾಣಸ್ಲಿಲ್ಲ, ಆದ್ರ ಒಮ್ಮೆ ಮುಂದಿನ ಪಟ್ಟಿ ಎಷ್ಟು ಆಳ ಐತಿ ನೋಡ್ರಿ.

ಮೈಸೂರು_ಹಳೇಮನೆ:

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮ ತಾತನ ಮನೆಯಲ್ಲಿ ತುಂಬಾ ಕೆತ್ತನೆ ಇರೋ ಒಂದು ಕುರ್ಚಿ ಇದೆ, ಮನೇಲಿ ಎಲ್ರೂ ಮಹಾಗನಿ ಅಂತಾರೆ, ಕಪ್ಪಗಿದೆ. ಇದೂ ವಿಲಾಯಿತಿದಾ?

ಸೊರಬದ_ಉಳಿ:

ಅಣ್ಣ, ಕಪ್ಪಗೆ, ಭಾರ, ನೇರಳೆ ಮಿಶ್ರ ಕಂದು ಬಣ್ಣದಲ್ಲಿ ಕರಿ ಗೆರೆ ಓಡಿದ್ರೆ ಅದು ಬೀಟೆ. ಮಹಾಗನಿ ಗಿಡನ ನಮ್ಮ ದೇಶಕ್ಕೆ ತಂದು ಕಲ್ಕತ್ತಾ ಬೊಟಾನಿಕಲ್ ಗಾರ್ಡನ್‌ನಲ್ಲಿ ನೆಟ್ಟಿದ್ದೇ 1795ರಲ್ಲಿ, ಹಳೇ ಮನೆಗಳ ಕಪ್ಪು ಕುರ್ಚಿ ಹೆಚ್ಚಿನವು ಬೀಟೆಯವೇ. ಹತ್ತೊಂಬತ್ತನೇ ಶತಮಾನದಲ್ಲಿ ಬಾಂಬೆ ಕಡೆ ಬೀಟೆಯಲ್ಲಿ ಮೈಯೆಲ್ಲಾ ಜಾಲರಿ ಥರ ಕೆತ್ತಿ ಸಾಹೇಬರಿಗೆ ಮಾರ್ತಿದ್ರು, ಬಾಂಬೆ ಬ್ಲ್ಯಾಕ್‌ವುಡ್ ಅಂತ ಅದಕ್ಕೆ ಹೆಸರು. ಬೇರೆ ಥ್ರೆಡ್‌ನಲ್ಲಿ ಫೋಟೋ ಹಾಕಿ, ನೋಡಣ. ಸೀಟಿನ ಅಡಿಯದ್ದೂ ಹಾಕಿ.

ಎಡಿಸನ್_ಮಂಜುಳಾ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟೊಂದು ಸಮಯ ಕೊಟ್ಟು ಬರೆದಿದ್ದೀರಿ. ಇವತ್ತು ಭಾನುವಾರ, ಇಬ್ರೂ ಕೂತು ಟಾರ್ಚ್ ಹಾಕಿ ಎರಡೂ ಕುರ್ಚಿ ಪೂರ್ತಿ ನೋಡಿದ್ವಿ, ಕಂಡಿದ್ದು ಕಂಡ ಹಾಗೆ ಬರೀತೀನಿ.

ಹಿಂದಿನ ಕಾಲಿನ ಬೆನ್ನಲ್ಲಿ ಟೆನನ್ ಕಾಣ್ತಿಲ್ಲ, ಎರಡರಲ್ಲೂ. ಕಾಲು ಕೆಳಗೆ ಚೌಕವಾಗೇ ಸಣ್ಣ ಆಗಿ ಒಂದು ಪುಟ್ಟ ಚೌಕ ಪಾದ ಇದೆ, ಶೈಲಾ ಅವ್ರು ಹೇಳಿದ ಹಾಗೇ. ಮುಂದಿನ ಪಟ್ಟಿ ಆಳ ಇಲ್ಲ, ನೆಟ್ಟಗಿದೆ, ಸಿಂಹ ಚಿಪ್ಪು ಏನಿಲ್ಲ, ಆದ್ರೆ ಪಟ್ಟಿ ಕೆಳಗಿನ ಅಂಚಿಗೆ ಹಗ್ಗ ಹೊಸೆದ ಥರ ಓರೆ ಓರೆ ಕೆತ್ತಿರೋ ಒಂದು ತೆಳು ಪಟ್ಟಿ ಅಂಟಿಸಿದಾರೆ. ಉಗುರು ಚೌಕ ಅಂದ್ರಲ್ಲ, ಹೌದು, ಮುಂದಿನಿಂದ ನೋಡಿದ್ರೆ ಗುಂಡು ಗುಂಡಾಗೇ ಇಲ್ಲ, ಡಬ್ಬಿ ಥರ ಇದೆ. ಕಾಲುಗಳ ನಡುವೆ ಅಡ್ಡಪಟ್ಟಿ ಇಲ್ಲ.

ಎಲೆ ಉಬ್ಬಿಕೊಂಡೇ ಇದೆ ಸೊರಬದ ಅಣ್ಣ, ಪಕ್ಕದಿಂದ ನೋಡಿದ್ರೆ ಸ್ಪಷ್ಟ. ಎರಡು ಕುರ್ಚಿಯ ಎಲೆಗೂ ಸ್ವಲ್ಪ ವ್ಯತ್ಯಾಸ ಇದೆ, ಒಂದರಲ್ಲಿ ಎಡಗಡೆ ನರ ಒಂದು ಜಾಸ್ತಿ.

ಇನ್ನು ಒಳಗಡೆ. ಸೀಟು ಕೂರೋ ತೋಡಿನ ಒಳಗೆ ಉಳಿಯಲ್ಲಿ ಹೊಡೆದ ರೋಮನ್ ಅಂಕಿ ಇದೆ! ಒಂದರಲ್ಲಿ VII, ಅದರ ಸೀಟಿನ ಫ್ರೇಮ್‌ನಲ್ಲೂ VII. ಇನ್ನೊಂದರಲ್ಲಿ ಕುರ್ಚಿ ಮೇಲೆ IIII, ಸೀಟಿನ ಫ್ರೇಮ್‌ನಲ್ಲಿ ಅಂಕಿನೇ ಇಲ್ಲ. ಆ ಅಂಕಿ ಇಲ್ಲದ ಫ್ರೇಮ್‌ನ ಮರದ ಮೇಲೆ ಕಮಾನು ಕಮಾನಾಗಿ ಗೀರು ಇದೆ, VII ಇರೋದರಲ್ಲಿ ಗೀರು ನೆಟ್ಟಗಿದೆ, ಸ್ವಲ್ಪ ಏರುಪೇರು. ಮೂಲೆ ತುಂಡುಗಳು ಒಂದು ಕುರ್ಚಿಯಲ್ಲಿ ಹಳೇವು, ಕಪ್ಪಾಗಿದೆ. ಇನ್ನೊಂದರಲ್ಲಿ ಎರಡು ಮೂಲೆಗೆ ಬೆಳ್ಳಗಿರೋ ತುಂಡು, ಕೂಡು ಗುರುತಿನ ತಲೆ ಇರೋ ಸ್ಕ್ರೂ ಹಾಕಿದಾರೆ, ಸ್ಟಾರ್ ಸ್ಕ್ರೂಡ್ರೈವರ್ ಹಿಡಿಯುತ್ತಲ್ಲ ಅದು. ಇದನ್ನ ನೋಡಿ ಹೊಟ್ಟೆ ಉರೀತು, ಕಾಪಿನೇ ಇರ್ಬೇಕಾ?

ವಿಲ್ಮಿಂಗ್ಟನ್_ಶೈಲಾ:

ಮಂಜುಳಾ ಅವ್ರೇ, ಎಷ್ಟು ಚೆನ್ನಾಗಿ ನೋಡಿದ್ದೀರಿ! ಸ್ಕ್ರೂ ನೋಡಿ ಬೇಜಾರು ಮಾಡ್ಕೋಬೇಡಿ. ಫಿಲಿಪ್ಸ್ ತಲೆ ಸ್ಕ್ರೂ ಬಂದಿದ್ದು 1930ರ ದಶಕದಲ್ಲಿ, ಅಂದ್ರೆ ಆ ಎರಡು ಮೂಲೆ ಆಮೇಲೆ ಯಾವಾಗ್ಲೋ ರಿಪೇರಿ ಆಗಿದೆ, ಅಷ್ಟೇ. ಇನ್ನೂರು ವರ್ಷ ಜನ ಕೂತ ಕುರ್ಚಿಯ ಮೂಲೆ ಸಡಿಲ ಆಗದೇ ಇರುತ್ತಾ. ಕಮಾನು ಗೀರು ಅಂದ್ರೆ ಚಕ್ರದ ಗರಗಸ, ಅದು ಹತ್ತೊಂಬತ್ತನೇ ಶತಮಾನದಲ್ಲಿ ಬಳಕೆಗೆ ಬಂದಿದ್ದು, ಹಾಗಾಗಿ ಅಂಕಿ ಇಲ್ಲದ ಸೀಟಿನ ಫ್ರೇಮ್ ಕೂಡ ಬದಲಾಯಿಸಿದ್ದು. VIIರ ಫ್ರೇಮ್ ಮೂಲದ್ದೇ ಅನ್ನಿಸುತ್ತೆ, ನೆಟ್ಟ ಏರುಪೇರಿನ ಗೀರು ಕೈಗರಗಸದ್ದು. ಅಂಕಿ ಸೆಟ್‌ನ ಲೆಕ್ಕ, ಕಮ್ಮಿ ಅಂದ್ರೂ ಏಳು ಕುರ್ಚಿ ಇದ್ದ ಸೆಟ್‌ನಲ್ಲಿ ನಿಮ್ಮ ಹತ್ರ ನಾಲ್ಕನೇದು ಏಳನೇದು ಇದೆ.

1876ರಲ್ಲಿ ಫಿಲಡೆಲ್ಫಿಯಾದಲ್ಲಿ ಶತಮಾನೋತ್ಸವದ ದೊಡ್ಡ ವಸ್ತುಪ್ರದರ್ಶನ ನಡೆದ ಮೇಲೆ ಹಳೇ ಕಾಲದ ಮಾದರಿಗೆ ತುಂಬಾ ಬೇಡಿಕೆ ಬಂತು, ಆ ಕಾಪಿಗಳೇ ಈಗ ಎಲ್ಲಾ ಕಡೆ ಸಿಗೋದು. ಅವುಗಳಲ್ಲಿ ಸಾಮಾನ್ಯವಾಗಿ ಕೀಲುಗಳಿಗೆ ಟೆನನ್ ಬದಲು ಗುಂಡು ಗೂಟ ಹಾಕಿರ್ತಾರೆ. ನಿಮ್ಮದರಲ್ಲಿ ಒಂದು ಕಡೆ ಸಂದು ಬಿಟ್ಟಿದ್ರೆ ತೆಳ್ಳನೇ ಪೇಪರ್ ತೂರಿಸಿ ನೋಡಿ, ಒಳಗೆ ಅಗಲವಾದ ನಾಲಿಗೆಗೆ ತಾಗುತ್ತಾ, ಗುಂಡು ಗೂಟಕ್ಕೆ ತಾಗುತ್ತಾ. ಸಂದು ಇಲ್ಲದಿದ್ರೆ ಬಲವಂತ ಬೇಡ.

ಗೊಂಡೆ ಮತ್ತು ನೆರಿಗೆಯ ಬೆನ್ನು, ಹಗ್ಗದ ಅಂಚು, ಚೌಕ ಉಗುರು, ಚೌಕ ಹಿಂಗಾಲು, ಒಳಗೇ ನಿಂತ ಟೆನನ್, ಇಷ್ಟೂ ಒಟ್ಟಿಗೆ ಬಂದಾಗ ನನ್ನ ಅಭಿಪ್ರಾಯ ನ್ಯೂಯಾರ್ಕ್, 1760-80ರ ನಡುವೆ. ಚೀಟಿಯಲ್ಲಿ ಬರೆದ ಫಿಲಡೆಲ್ಫಿಯಾ ಅಂತೂ ಅಲ್ಲ. ಇಂಗ್ಲೆಂಡ್ ಅಂದವರ ಮಾತನ್ನ ಪೂರ್ತಿ ತಳ್ಳಿಹಾಕೋಕೆ ಒಂದೇ ಒಂದು ಕೆಲಸ ಬಾಕಿ, ಯಾಕಂದ್ರೆ ಅಮೆರಿಕಾದ ಊರುಗಳಲ್ಲಿ ಇಂಗ್ಲಿಷ್ ರೀತಿಗೆ ತೀರಾ ಹತ್ತಿರ ಹೋಗೋದು ನ್ಯೂಯಾರ್ಕ್ ಕುರ್ಚಿನೇ. VIIರ ಫ್ರೇಮ್ ಮತ್ತೆ ಹಳೇ ಮೂಲೆ ತುಂಡು ಯಾವ ಮರ ಅಂತ ತಿಳೀಬೇಕು. ಅಮೆರಿಕಾದ ಮರ ಟ್ಯೂಲಿಪ್ ಪಾಪ್ಲರ್ ಅಂತ ಬಂದ್ರೆ ಅಮೆರಿಕಾ ಅನ್ನೋದು ಹೆಚ್ಚು ಕಮ್ಮಿ ಖಾಯಂ. ಬೀಚ್ ಬಂದ್ರೆ ಇಂಗ್ಲೆಂಡ್ ಕಡೆ ವಾಲುತ್ತೆ. ಪೈನ್ ಬಂದ್ರೆ ಯಾವ ಪೈನ್ ಅಂತ ಮೈಕ್ರೋಸ್ಕೋಪ್ ಹೇಳುತ್ತೆ. ಮರದೊಳಗೆ ನಡುವಿಂದ ಹೊರಗೆ ಅಡ್ಡ ಹಾಯೋ ಗೆರೆಗಳ (ರೇ) ಜೀವಕೋಶಗಳಲ್ಲಿ ಯೂರೋಪಿನ ಸ್ಕಾಟ್ಸ್ ಪೈನ್‌ಗೆ ಒಳಗೋಡೆಯಲ್ಲಿ ಹಲ್ಲು ಹಲ್ಲಾಗಿ ಇರುತ್ತೆ, ಇಲ್ಲಿನ ವೈಟ್ ಪೈನ್‌ಗೆ ಗೋಡೆ ನುಣುಪು. ಆದ್ರೆ ಇಲ್ಲಿಂದ ಇಂಗ್ಲೆಂಡ್‌ಗೂ ಮರ ಹೋಗ್ತಿತ್ತು, ಅದಕ್ಕೇ ವೈಟ್ ಪೈನ್ ಒಂದೇ ಸಾಲಲ್ಲ, ಮಿಕ್ಕ ಗುರುತುಗಳ ಜೊತೆ ಇಟ್ಟು ನೋಡ್ಬೇಕು.

ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಸರ್ಕಾರದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇದೆ, ಮರ ಗುರುತು ಹಿಡಿಯೋ ವಿಭಾಗ ಇದೆ. ಸಣ್ಣ ಚೂರು ಸಾಕು, ಆದ್ರೆ ನೀವೇ ಕತ್ತರಿಸಬೇಡಿ, ಹಳೇ ಪೀಠೋಪಕರಣ ರಿಪೇರಿ ಮಾಡೋ ಕನ್ಸರ್ವೇಟರ್ ಒಬ್ರ ಕೈಲಿ ಕಾಣದ ಜಾಗದಿಂದ ತೆಗೆಸಿ. ಅಲ್ಲಿಯವರೆಗೆ ಪಾಲಿಶ್ ಹೊಡೆಸೋದು, ಒಳಗಿನ ಕಪ್ಪು ಉಜ್ಜಿ ತೆಗೆಯೋದು, ಬೆಳ್ಳನೇ ತುಂಡು ಕಿತ್ತು ಹೊಸದು ಹಾಕಿಸೋದು, ಏನೂ ಬೇಡ ದಯವಿಟ್ಟು. ಆ ಕಪ್ಪೇ ಸಾಕ್ಷಿ.

ಡಬ್ಲಿನ್_ಧಾರವಾಡ:

ಶೈಲಾ ಅಕ್ಕಾರ ಹೇಳಿದ್ದು ಖರೇ ಐತ್ರಿ, ಐರಿಶ್ ಲಕ್ಷಣ ಒಂದೂ ಇಲ್ಲ. ನಾ ಹಿಂದಕ್ಕ ಸರದೆ.

ಎಡಿಸನ್_ಮಂಜುಳಾ:

ನ್ಯೂಯಾರ್ಕ್! ನಮ್ಮ ಮನೆಯಿಂದ ಟ್ರೈನ್‌ನಲ್ಲಿ ಹೋಗಿ ಬರೋ ದೂರ. ಹೋಲಿಸಿ ನೋಡೋಕೆ ಅಲ್ಲಿ ಎಲ್ಲಾದ್ರೂ ಇದ್ಯಾ ಮೇಡಂ?

ವಿಲ್ಮಿಂಗ್ಟನ್_ಶೈಲಾ:

ಮೆಟ್ರೋಪಾಲಿಟನ್ ಮ್ಯೂಸಿಯಂ ಅಮೆರಿಕನ್ ವಿಂಗ್‌ಗೆ ಹೋಗಿ. ಅಲ್ಲಿ ವರ್‌ಪ್ಲಾಂಕ್ ರೂಮ್ ಅಂತ ಆ ಕಾಲದ ನ್ಯೂಯಾರ್ಕ್ ರಾಜ್ಯದ ಮನೆಯ ಒಂದು ಕೋಣೆನೇ ಇದೆ, ಅದನ್ನ ನೋಡಿ, ಆದ್ರೆ ಹೆಚ್ಚು ಹೊತ್ತು ಲೂಸ್ ಸೆಂಟರ್‌ನಲ್ಲಿ ಕಳೀರಿ, ಅದು ಗಾಜಿನ ಬೀರುಗಳ ಸಾಲು, ಕುರ್ಚಿಗಳನ್ನ ಊರಿಂದ ಊರಿಗೆ ಹೋಲಿಸಿ ನೋಡೋಕೆ ಬಹಳ ಅನುಕೂಲ. ವ್ಯಾನ್ ರೆನ್ಸೆಲೇರ್ ಮನೆತನದ ಗೊಂಡೆ ಬೆನ್ನಿನ ಕುರ್ಚಿ ಮೆಟ್ ಸಂಗ್ರಹದಲ್ಲಿದೆ, ಅದು ಈಗ ಎಲ್ಲಿಟ್ಟಿದಾರೆ ಅಂತ ಹೋಗೋ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ನೋಡ್ಕೊಳ್ಳಿ. ನಿಮ್ಮ ಕುರ್ಚಿಯ ಗೊಂಡೆ, ಉಗುರು, ಹಿಂಗಾಲಿನ ಪಾದ, ಮೂರರದ್ದೂ ಹತ್ತಿರದ ಫೋಟೋ ಫೋನಲ್ಲಿ ಇಟ್ಕೊಂಡು ಹೋಗಿ, ಗೊಂಡೆಯ ಎಳೆ ಎಷ್ಟು, ಮೇಲಿನ ಗಂಟು ಯಾವ ಕಡೆ ತಿರುಗಿದೆ ಅಂತ ಒಂದೊಂದಾಗಿ ಹೋಲಿಸಿ. ಫ್ಲ್ಯಾಶ್ ಹಾಕಬೇಡಿ, ಗಾಜಿಗೆ ಹೊಡೆದು ಏನೂ ಕಾಣಲ್ಲ. ಬಂದು ಇಲ್ಲಿ ಹಾಕಿ, ನಾನೂ ಕಾಯ್ತಿರ್ತೀನಿ.